ಮಾತೃಭಾಷೆ ಕಾಲಂನಲ್ಲಿ ಒಂದೇ ಗೆರೆ

ಹಾಸ್ಟೆಲ್‌ಗೆ ಬಂದ ಮೊದಲ ವಾರ ಎಲ್ಲರೂ ಕೇಳೋದು ಒಂದೇ: "ಯಾವೂರು?" ಕೊಡಗು ಅಂದ ಕೂಡಲೇ "ಓ, ಕೂರ್ಗಾ!" ಅಂತ ಮುಖ ಅರಳುತ್ತೆ. ನೆಲ್ಯಹುದಿಕೇರಿ ಅಂದ್ರೆ ಯಾರಿಗೂ ಗೊತ್ತಿರಲ್ಲ. ಸಿದ್ದಾಪುರದಿಂದ ಕಾವೇರಿ ಸೇತುವೆ ದಾಟಿದರೆ ನಮ್ಮೂರು ಅಂತ ವಿವರಿಸಬೇಕು. ಅಷ್ಟರಲ್ಲಿ ಮನೆಯಿಂದ ಫೋನ್ ಬರುತ್ತೆ. ಮಲಯಾಳಂನಲ್ಲಿ ನಾಲ್ಕು ಮಾತಾಡಿ ಇಡುವಷ್ಟರಲ್ಲಿ ಪ್ರಶ್ನೆ ಬದಲಾಗಿರುತ್ತೆ: "ಹಾಗಾದ್ರೆ ನೀವು ಕೇರಳದವ್ರಾ?"

ಅಲ್ಲ. ಮಲಬಾರಿನಿಂದ ಕಾಫಿ ತೋಟದ ಕೆಲಸಕ್ಕೆ, ವ್ಯಾಪಾರಕ್ಕೆ ಅಂತ ಘಟ್ಟ ಹತ್ತಿ ಬಂದವರು ನಮ್ಮ ಹಿರಿಯರು. ನಾವು ಇಲ್ಲೇ ಹುಟ್ಟಿದವರು. ಮನೆಯಲ್ಲಿ ಮಲಯಾಳಂ, ಅಂಗಡಿಯಲ್ಲಿ, ಬಸ್ಸಲ್ಲಿ, ಪಂಚಾಯಿತಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಪಕ್ಕದ ಮನೆಯವರು ಕೊಡವ ತಕ್ಕ್‌ನಲ್ಲಿ ಮಾತಾಡಿದರೆ ಅದೂ ಅರ್ಧ ಅರ್ಥವಾಗುತ್ತೆ.

ತಮಾಷೆ ಏನಂದ್ರೆ, ಆ ಕಡೆಯೂ ನಮ್ಮನ್ನು ಪೂರ್ತಿ ಲೆಕ್ಕಕ್ಕೆ ತಗೊಳ್ಳಲ್ಲ. ಮದುವೆಗೆ ಅಂತ ವಿರಾಜಪೇಟೆ, ಮಾಕುಟ್ಟ ದಾಟಿ ಇರಿಟ್ಟಿಯಲ್ಲಿ ಇಳಿದರೆ ನಮ್ಮಲ್ಲಿ ಹಲವರಿಗೆ ಬಸ್ಸಿನ ಬೋರ್ಡ್ ಓದೋಕೆ ಬರಲ್ಲ. ಮಾತು ಗೊತ್ತು, ಲಿಪಿ ಗೊತ್ತಿಲ್ಲ. ಮಾತಿನ ಮಧ್ಯೆ ಕನ್ನಡ ಪದ ನುಸುಳಿದರೆ ಕಸಿನ್‌ಗಳು ನಗ್ತಾರೆ. ಇಲ್ಲಿ ನಾವು ಕೇರಳದವರು, ಅಲ್ಲಿ ಕೊಡಗಿನವರು.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಕೇರಳ ರಾಜ್ಯವೂ ಹುಟ್ಟಿತು. ಹಾಗಾಗಿ ನಮಗೆ ಒಂದೇ ದಿನ ಎರಡು ಹಬ್ಬ. ಆದರೆ ಕಳೆದ ವರ್ಷ ರಾಜ್ಯೋತ್ಸವದ ಸ್ಪರ್ಧೆಗೆ ಹೆಸರು ಕೊಟ್ಟಾಗ, ಫಾರಂನ ಮಾತೃಭಾಷೆ ಕಾಲಂ ನೋಡಿ ನಮ್ಮನ್ನು 'ಕನ್ನಡೇತರರು' ಪಟ್ಟಿಗೆ ಹಾಕಿದ್ದರು. ಕನ್ನಡದಲ್ಲೇ ತುಂಬಿದ್ದ ಫಾರಂ ಅದು! ಯಾರೂ ಬೇಕಂತ ಮಾಡಿದ್ದಲ್ಲ, ಗೊತ್ತು. ಆದ್ರೂ ಮನಸ್ಸಿಗೆ ಚುಚ್ಚಿತು.

ಮಾತೃಭಾಷೆಯೇ ಅಳತೆಗೋಲಾದರೆ ಬೇಂದ್ರೆಯವರನ್ನು ಯಾವ ಪಟ್ಟಿಗೆ ಹಾಕೋಣ? ಅವರ ಮನೆಮಾತು ಮರಾಠಿ. ಮಾಸ್ತಿಯವರದು ತಮಿಳು, ಗಿರೀಶ್ ಕಾರ್ನಾಡರದು ಕೊಂಕಣಿ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಮೂರು ಇವರವೇ. 'ಚಂದ್ರಗಿರಿಯ ತೀರದಲ್ಲಿ' ಬರೆದ ಸಾರಾ ಅಬೂಬಕ್ಕರ್ ಕಾಸರಗೋಡಿನ ಮಲಯಾಳಂ ಮಾತಾಡುವ ಮನೆಯಲ್ಲಿ ಬೆಳೆದು ಕನ್ನಡದಲ್ಲಿ ಬರೆದವರು. ಇವರನ್ನೆಲ್ಲ ನಾವು ಹೆಮ್ಮೆಯಿಂದ ನಮ್ಮವರು ಅಂತೀವಿ. ಹಾಗಿದ್ದರೆ ಪಕ್ಕದ ರೂಮಿನವರನ್ನು ನಮ್ಮವರು ಅನ್ನೋಕೆ ಯಾಕೆ ತಡ?

"ಬಂದವರು ಕನ್ನಡ ಕಲಿಯಲ್ಲ, ಅದಕ್ಕೇ ಸ್ವಲ್ಪ ಕಟ್ಟುನಿಟ್ಟು ಬೇಕು" ಅಂತ ಕೆಲವರು ಹೇಳ್ತಾರೆ. ಆ ಆತಂಕ ಸುಳ್ಳಲ್ಲ, ನಮಗೂ ಇದೆ. ಆದರೆ ಒಬ್ಬರ ಅಮ್ಮ ಮನೆಯಲ್ಲಿ ಏನು ಮಾತಾಡ್ತಾರೆ ಅನ್ನೋದರಿಂದ ಅವರಿಗೆ ಕನ್ನಡ ಎಷ್ಟು ಬೇಕು ಅಂತ ತಿಳಿಯಲ್ಲ.

ತಪ್ಪು ನಮ್ಮದೂ ಇದೆ. ಮನೆಯಿಂದ ಫೋನ್ ಬಂದರೆ ಕಾರಿಡಾರಿನ ತುದಿಗೆ ಹೋಗಿ ಮೆಲ್ಲಗೆ ಮಾತಾಡೋ ಅಭ್ಯಾಸ ನಮ್ಮಲ್ಲಿ ಕೆಲವರಿಗೆ ಬಂದುಬಿಟ್ಟಿದೆ. ಇನ್ನೊಂದು, ಇದಕ್ಕಿಂತ ದೊಡ್ಡದು. ಈಗ ನಮ್ಮ ಕಡೆಯ ತೋಟಗಳ ಲೈನ್‌ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. "ಅವ್ರು ಹೊರಗಿನವ್ರು" ಅಂತ ನಮ್ಮ ಮನೆಗಳಲ್ಲೇ ಹೇಳೋದನ್ನು ಕೇಳಿದ್ದೀವಿ. ನಮ್ಮ ಅಜ್ಜಂದಿರು ಕೇಳಿಸಿಕೊಂಡ ಮಾತನ್ನು ಈಗ ನಾವೇ ಇನ್ನೊಬ್ಬರಿಗೆ ಹೇಳ್ತಾ ಇದ್ದೀವಿ.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನಮ್ಮೂರಿನ ನದಿದಡದ ಎಷ್ಟೋ ಮನೆಗಳು ಹೋದವು. ನೀರು ಯಾರ ಮಾತೃಭಾಷೆಯನ್ನೂ ಕೇಳಲಿಲ್ಲ. ಪರಿಹಾರ ಕೇಂದ್ರದಲ್ಲಿ ಅನ್ನ ಬಡಿಸಿದವರೂ ಕೇಳಲಿಲ್ಲ.

ಹಾಗಾಗಿ ನಮ್ಮ ಕನ್ನಡ ಬಳಗಕ್ಕೆ ಒಂದು ಸಣ್ಣ ಕೋರಿಕೆ. ಮುಂದಿನ ಫಾರಂನಲ್ಲಿ ಮಾತೃಭಾಷೆ ಕಾಲಂ ತೆಗೆದು, "ಕನ್ನಡದಲ್ಲಿ ಏನು ಮಾಡೋಕೆ ಇಷ್ಟ?" ಅಂತ ಕೇಳಿ. ಬರೆಯೋದು, ಹಾಡೋದು, ನಾಟಕ, ಇಲ್ಲಾ ಈಗಷ್ಟೇ ಕಲಿಯೋದು, ಯಾವುದಾದರೂ ಸರಿ. ನಾವೂ ಒಂದು ಮಾತು ಕೊಡ್ತೀವಿ: ಇನ್ನು ಮೇಲೆ ಫೋನ್ ಬಂದರೆ ಕಾರಿಡಾರಿಗೆ ಓಡಲ್ಲ. ಇಲ್ಲೇ, ನಿಮ್ಮ ಪಕ್ಕದಲ್ಲೇ ಕೂತು ಮಲಯಾಳಂನಲ್ಲಿ ಮಾತಾಡಿ, ಫೋನ್ ಇಟ್ಟು, ಅರ್ಧಕ್ಕೆ ನಿಂತ ಮಾತನ್ನು ಕನ್ನಡದಲ್ಲಿ ಮುಂದುವರಿಸ್ತೀವಿ.