ಬೂದುಗಿಳಿ ಮನೆಗೆ ತಕ್ಕ ಹಕ್ಕಿಯೆ?

ನನ್ನಲ್ಲಿ ಜೀವಶಾಸ್ತ್ರವನ್ನು ಅಭ್ಯಾಸ ಮಾಡಿ ಹೋದ ಹಳೆಯ ವಿದ್ಯಾರ್ಥಿಯೊಬ್ಬನು ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಪತಿಪತ್ನಿಯರಿಬ್ಬರೂ ದುಡಿಯುವವರು, ಏಳು ವರ್ಷದ ಒಬ್ಬಳೇ ಮಗಳು. ಕಳೆದ ಬೇಸಗೆಯಲ್ಲಿ ಅವನು ದೂರವಾಣಿಯ ಮೂಲಕ ಮಾತನಾಡುತ್ತ, “ಸರ್, ಮಗಳು ಮಾತಾಡುವ ಗಿಳಿ ಬೇಕೆಂದು ಹಟ ಹಿಡಿದಿದ್ದಾಳೆ. ಅಂಗಡಿಯೊಂದರಲ್ಲಿ ಆಫ್ರಿಕಾದ ಬೂದುಗಿಳಿಯನ್ನು ನೋಡಿ ಬಂದೆವು. ನಮ್ಮ ಹಸಿರು ಗಿಳಿಯನ್ನು ಸಾಕುವುದು ಅಪರಾಧವಂತೆ, ಇದನ್ನು ಸಾಕಬಹುದಂತೆ. ತರಲೋ ಬೇಡವೋ, ನೀವೇ ಹೇಳಿ” ಎಂದು ಕೇಳಿದನು. ಎರಡು ದಿನ ಬಿಟ್ಟು ಹೇಳುವೆನೆಂದೆ. ಪ್ರಶ್ನೆ ಒಬ್ಬನದಾದರೂ ಇಂದು ಅದು ನಗರದ ಅನೇಕ ಮನೆಗಳದಾಗಿದೆ. ಆದುದರಿಂದ ಅವನಿಗೆ ಹೇಳಿದುದನ್ನೇ ತುಸು ವಿಸ್ತರಿಸಿ ಈ ಸಂಚಿಕೆಯ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ನಾಡಿನವರಿಗೆ ಗಿಳಿ ಹೊಸದಲ್ಲ. ಜೋಳ ತೆನೆಗಟ್ಟಿದಾಗ ಅಟ್ಟಣಿಗೆಯನ್ನೇರಿ ಕವಣೆ ಬೀಸಿ ಗಿಳಿವಿಂಡನ್ನು ಓಡಿಸಿದ ಕೈಗಳೇ ಮನೆಗೆ ಬಂದು ಪಂಜರದ ಗಿಳಿಗೆ ಹಣ್ಣುಮೆಣಸಿನಕಾಯಿಯನ್ನು ತಿನ್ನಿಸುತ್ತಿದ್ದುವು. ಜಾತ್ರೆಯಲ್ಲಿ ಗಿಣಿಶಾಸ್ತ್ರದವನ ಹಕ್ಕಿ ಚೀಟಿಯೆತ್ತಿ ನಮ್ಮ ಭವಿಷ್ಯವನ್ನು ಹೇಳುತ್ತಿತ್ತು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿಯೂ ರೆಕ್ಕೆ ಕತ್ತರಿಸಿದ ಗಿಳಿಯೊಂದಿತ್ತು. ಬಾಗಿಲಲ್ಲಿ ಸದ್ದಾದೊಡನೆ “ಯಾರು ಬಂದರು?” ಎಂದು ಕೂಗುವುದು ಅದರ ವಿದ್ಯೆ. ನೆರೆಹೊರೆಯವರಿಗೆಲ್ಲ ಅದೊಂದು ವಿನೋದ. ಯಾರೂ ಬಾರದ ಮಧ್ಯಾಹ್ನಗಳಲ್ಲಿಯೂ ಅದು ಹಾಗೆಯೇ ಕೂಗುತ್ತಿತ್ತೆಂಬುದು ಈಗ, ಈ ವಯಸ್ಸಿನಲ್ಲಿ, ನೆನಪಿಗೆ ಬರುತ್ತದೆ. ಇಂದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ದೇಶದ ಕಾಡುಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ದಂಡನಾರ್ಹ. ದೇಶದ ಗಿಳಿಗೆ ಬಾಗಿಲು ಮುಚ್ಚಿತೆಂದು ಪರದೇಶದ ಗಿಳಿಯ ಕಡೆಗೆ ಆಸೆ ಹೊರಳಿದೆ.

ಬೂದುಗಿಳಿಯ ರೂಪದಲ್ಲಿ ಆಡಂಬರವಿಲ್ಲ. ಗಾತ್ರದಲ್ಲಿ ಹೆಚ್ಚು ಕಡಿಮೆ ಪಾರಿವಾಳದಷ್ಟು. ಉದ್ದ ಸುಮಾರು 33 ಸೆಂಟಿಮೀಟರು, ತೂಕ 400ರಿಂದ 500 ಗ್ರಾಂ. ಮೈಗೆಲ್ಲ ಬೂದಿ ಬಳಿದಂತಹ ಬಣ್ಣ, ಬಾಲ ಮಾತ್ರ ಕಡುಗೆಂಪು. ಮರಿಯ ಕಣ್ಣು ಕಪ್ಪಾಗಿದ್ದು ಬೆಳೆದಂತೆ ತಿಳಿಹಳದಿಗೆ ತಿರುಗುತ್ತದೆ. ಘಾನಾ, ನೈಜೀರಿಯಾ, ಕ್ಯಾಮರೂನ್, ಗ್ಯಾಬನ್, ಕಾಂಗೋ ಮೊದಲಾದ ದೇಶಗಳ ಮಳೆಕಾಡು ಇದರ ತವರು. ಎಣ್ಣೆತಾಳೆಯ ಹಣ್ಣೆಂದರೆ ಅದಕ್ಕೆ ಬಲು ಪ್ರೀತಿ. ಎತ್ತರದ ಮರಗಳ ಪೊಟರೆಯಲ್ಲಿ ಗೂಡು ಮಾಡುತ್ತದೆ. ಸಂಜೆಯಾಯಿತೆಂದರೆ ನೂರಾರು, ಕೆಲವೆಡೆ ಸಾವಿರಾರು ಹಕ್ಕಿಗಳು ಒಂದೇ ತಂಗುದಾಣಕ್ಕೆ ಬಂದು ಸೇರುತ್ತವೆ. ಆ ಗದ್ದಲದ ನಡುವೆ ತನ್ನ ಜೋಡಿಯ ದನಿಯನ್ನು ಗುರುತಿಸಿ ಅದಕ್ಕೆ ತನ್ನ ದನಿಯನ್ನು ಹೊಂದಿಸಿ ಉತ್ತರ ಕೊಡುವುದು ಹಿಂಡಿನ ಬಾಳಿಗೆ ಅವಶ್ಯವಾದ ಸಾಮರ್ಥ್ಯ. ನಾವು ‘ಮಾತು’ ಎಂದು ಬೆರಗಾಗುವುದು ಇದನ್ನೇ. ಕಾಡಿನಲ್ಲಿ ಸಂಗಾತಿಯನ್ನು ಕರೆಯಲು ಒದಗಿದ ಶಕ್ತಿ, ಪಂಜರದಲ್ಲಿ ಸಂಗಾತಿಯಿಲ್ಲದುದರಿಂದ ನಮ್ಮ ಕಡೆಗೆ ತಿರುಗುತ್ತದೆ.

ಅರ್ಥವರಿಯದೆ ಒಪ್ಪಿಸುವ ವಿದ್ಯೆಗೆ ನಾವು ಗಿಳಿಪಾಠವೆಂದು ಹೆಸರಿಟ್ಟಿದ್ದೇವೆ. ಮೂವತ್ತು ವರ್ಷ ಪಾಠ ಹೇಳಿದ ನಾನೂ ಆ ಮಾತನ್ನು ಧಾರಾಳವಾಗಿ ಬಳಸಿದವನೇ. ಆದರೆ ಈ ಜಾತಿಯ ಗಿಳಿಯ ವಿಷಯದಲ್ಲಿ ಅದು ಅನ್ಯಾಯದ ಮಾತು. ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿದುಷಿ 1977ರಲ್ಲಿ ಅಂಗಡಿಯೊಂದರಿಂದ ಸುಮಾರು ಒಂದು ವರ್ಷದ ಬೂದುಗಿಳಿಯನ್ನು ಕೊಂಡು, ಅಲೆಕ್ಸ್ ಎಂದು ಹೆಸರಿಟ್ಟು, ಮೂವತ್ತು ವರ್ಷ ಅದರ ಬುದ್ಧಿಶಕ್ತಿಯನ್ನು ಪರೀಕ್ಷಿಸಿದರು. ಸುಮಾರು ಐವತ್ತು ವಸ್ತುಗಳ ಹೆಸರನ್ನೂ ಏಳು ಬಣ್ಣಗಳನ್ನೂ ಐದು ಆಕಾರಗಳನ್ನೂ ಅದು ಕಲಿಯಿತು; ಆರರವರೆಗೆ ಎಣಿಸಿತು. ಎರಡು ವಸ್ತುಗಳನ್ನು ಮುಂದಿಟ್ಟು ಇವುಗಳಲ್ಲಿ ವ್ಯತ್ಯಾಸವೇನೆಂದು ಕೇಳಿದರೆ ಬಣ್ಣ ಅಥವಾ ಆಕಾರವೆಂದು ಹೇಳುತ್ತಿತ್ತು. ವ್ಯತ್ಯಾಸವಿಲ್ಲದಿದ್ದರೆ ಏನೂ ಇಲ್ಲವೆನ್ನುತ್ತಿತ್ತು. ಅದಕ್ಕೆ ಪಾಠ ಹೇಳಿದ ಕ್ರಮ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಇಬ್ಬರು ಮನುಷ್ಯರು ಅದರ ಎದುರಿಗೆ ಕುಳಿತು ವಸ್ತುವೊಂದನ್ನು ಹಿಡಿದು ಪರಸ್ಪರ ಪ್ರಶ್ನೋತ್ತರ ನಡೆಸುವರು. ಸರಿಯಾಗಿ ಹೇಳಿದವರಿಗೆ ಆ ವಸ್ತು ದೊರೆಯುವುದು. ಇದನ್ನು ನೋಡಿದ ಹಕ್ಕಿ ತಾನೂ ಆ ಕೂಟದಲ್ಲಿ ಸೇರಬೇಕೆಂದು ಬಾಯಿ ತೆರೆಯುವುದು. ಅಲೆಕ್ಸ್ 2007ರಲ್ಲಿ ತನ್ನ 31ನೆಯ ವಯಸ್ಸಿನಲ್ಲಿ ತೀರಿಕೊಂಡಿತು. ಅದರ ಕಲಿಕೆಗೆ ಮೂಲವಾದುದು ಜೊತೆಗಾರರ ಸಂಗ.

ಇಲ್ಲಿಯೇ ನನ್ನ ವಾದವಿದೆ. ಯಾವ ಗುಣವನ್ನು ಮೆಚ್ಚಿ ಈ ಹಕ್ಕಿಯನ್ನು ಮನೆಗೆ ತರಬೇಕೆನಿಸುತ್ತದೆಯೋ ಅದೇ ಗುಣ ಇದನ್ನು ಸಾಮಾನ್ಯ ಸಂಸಾರಕ್ಕೆ ಒಗ್ಗದಂತೆ ಮಾಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಸಂಜೆ ಏಳಕ್ಕೆ ತೆಗೆಯುವ ಮನೆಯಲ್ಲಿ ಇಂತಹ ಮನಸ್ಸು ಹತ್ತು ಗಂಟೆಗಳ ಕಾಲ ಏನು ಮಾಡಬೇಕು? ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದು ಪಂಜರದ ಬೂದುಗಿಳಿಗಳಲ್ಲಿ ಪಶುವೈದ್ಯರು ಪದೇ ಪದೇ ಕಾಣುವ ವ್ಯಾಧಿ. ದೇಹಕ್ಕೆ ಹೋಲಿಸಿದರೆ ಮೆದುಳು ದೊಡ್ಡದಾಗಿರುವ ಗಿಳಿ ಜಾತಿಗಳೇ ಬಂಧನದಲ್ಲಿ ಹೆಚ್ಚಾಗಿ ಅರ್ಥಹೀನ ಚೇಷ್ಟೆಗಳಿಗೆ ಈಡಾಗುತ್ತವೆಂದೂ, ಕಾಡಿನಲ್ಲಿ ಆಹಾರವನ್ನು ಒಡೆದು ಬಿಡಿಸಿ ತಿನ್ನುವ ಜಾತಿಗಳಲ್ಲಿ ಗರಿ ಕೀಳುವ ಚಟ ಹೆಚ್ಚೆಂದೂ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಜಾಣತನಕ್ಕೆ ಪಂಜರದಲ್ಲಿ ತೆರಬೇಕಾದ ದಂಡವಿದು.

ಮಿಕ್ಕ ತೊಡಕುಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬರಿಯ ಸೂರ್ಯಕಾಂತಿ ಬೀಜವನ್ನು ಹಾಕಿದರೆ ಸುಣ್ಣದಂಶದ ಕೊರತೆಯಾಗಿ ಹಕ್ಕಿಗೆ ಸೆಳವು ಬರುವುದುಂಟು. ಕಾವೇರಿದ ನಾನ್‌ಸ್ಟಿಕ್ ಬಾಣಲೆಯ ಹೊಗೆ ಸಾಕು, ಅಡುಗೆಮನೆಯ ಪಕ್ಕದ ಪಂಜರದಲ್ಲಿರುವ ಹಕ್ಕಿ ಸಾಯುತ್ತದೆ. ಕೂಗು ಕರ್ಕಶ. ಒಬ್ಬರನ್ನು ಹಚ್ಚಿಕೊಂಡು ಮಿಕ್ಕವರನ್ನು ಕಚ್ಚುವ ಸ್ವಭಾವ ಹಲವು ಹಕ್ಕಿಗಳಿಗೆ ಪ್ರಾಯ ಬಂದ ಮೇಲೆ ಬರುತ್ತದೆ. ಆ ಕೊಕ್ಕು ಮಗುವಿನ ಬೆರಳಿಗೆ ಸಣ್ಣದಲ್ಲ. ಇವೆಲ್ಲಕ್ಕಿಂತ ಮಿಗಿಲಾದುದು ಆಯುಷ್ಯ. ಚೆನ್ನಾಗಿ ಪಾಲಿಸಿದರೆ ಬೂದುಗಿಳಿ ನಲವತ್ತು ಐವತ್ತು ವರ್ಷ ಬದುಕಬಲ್ಲುದು. ಏಳು ವರ್ಷದ ಹುಡುಗಿಯ ಹಟಕ್ಕೆ ತಂದ ಹಕ್ಕಿ ಅವಳ ಮದುವೆಯನ್ನು ಕಂಡು, ಅವಳ ತಂದೆತಾಯಿಗಳ ಮುಪ್ಪನ್ನೂ ಕಾಣುತ್ತದೆ. ನಿವೃತ್ತರಾದ ನನ್ನಂಥವರು ಇದನ್ನು ಕೊಂಡರೆ, ಹೊಲಮನೆಯ ಜೊತೆಗೆ ಗಿಳಿಯನ್ನೂ ಉಯಿಲಿನಲ್ಲಿ ಬರೆದಿಡಬೇಕಾದೀತು.

ಇನ್ನು ಕಾಡಿನ ಮಾತು. 1975ರಿಂದೀಚೆಗೆ ನಾಲ್ಕು ದಶಕಗಳಲ್ಲಿ ಕಾಡಿನಿಂದ ಹಿಡಿದು ಹೊರದೇಶಗಳಿಗೆ ಕಳುಹಿಸಿದ ಬೂದುಗಿಳಿಗಳು ಲೆಕ್ಕಕ್ಕೆ ಸಿಕ್ಕಷ್ಟೇ 13 ಲಕ್ಷಕ್ಕೂ ಮಿಕ್ಕಿವೆ. ಕೊಂಬೆಗೆ ಅಂಟು ಬಳಿದು, ಹಿಡಿದ ಹಕ್ಕಿಯೊಂದನ್ನು ಕರೆಗಿಳಿಯಾಗಿ ಕಟ್ಟಿ, ಅದರ ಕೂಗಿಗೆ ಬಂದವುಗಳನ್ನು ಹಿಡಿಯುತ್ತಾರೆ. ಸಂಗಾತಿಯ ಕರೆಗೆ ಓಗೊಡುವ ಗುಣವೇ ಇಲ್ಲಿಯೂ ಮುಳುವಾಯಿತು. ಸಾಗಣೆಯಲ್ಲಿ ಸತ್ತವು ಈ ಲೆಕ್ಕಕ್ಕೆ ಸೇರಿಲ್ಲ. ಘಾನಾ ದೇಶದಲ್ಲಿ 1992ರಿಂದೀಚೆಗೆ ಇವುಗಳ ಸಂಖ್ಯೆ ಶೇಕಡಾ 90ರಿಂದ 99ರಷ್ಟು ಕುಸಿದಿದೆಯೆಂದು 2016ರಲ್ಲಿ ಪ್ರಕಟವಾದ ಸಮೀಕ್ಷೆ ತಿಳಿಸಿತು. ಅದೇ ವರ್ಷ ಜೊಹಾನ್ಸ್‌ಬರ್ಗ್‌ನಲ್ಲಿ ನೆರೆದ ರಾಷ್ಟ್ರಗಳು ‘ಸೈಟ್ಸ್’ ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಬೂದುಗಿಳಿಯನ್ನು ಸೇರಿಸಿ, ಕಾಡಿನ ಹಕ್ಕಿಯ ವಾಣಿಜ್ಯವನ್ನು ನಿಷೇಧಿಸಲು ತೀರ್ಮಾನಿಸಿದುವು. 2017ರ ಜನವರಿಯಿಂದ ಅದು ಜಾರಿಗೆ ಬಂದಿತು.

“ಇದು ಕಾಡಿನದಲ್ಲ ಸರ್, ಪಂಜರದಲ್ಲಿಯೇ ಹುಟ್ಟಿದ್ದು” ಎಂದು ನನ್ನ ವಿದ್ಯಾರ್ಥಿಯೂ ಹೇಳಿದನು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಪಂಜರದಲ್ಲಿ ಹುಟ್ಟಿದ ಮರಿಯನ್ನು ಕೊಂಡರೆ ನೇರವಾಗಿ ಕಾಡಿಗೆ ಕನ್ನ ಬೀಳದು, ಒಪ್ಪಿದೆ. ಆದರೆ ಕಾಡಿನಿಂದ ತಂದುದನ್ನೇ ಪಂಜರದಲ್ಲಿ ಹುಟ್ಟಿದ್ದೆಂದು ಕಾಗದ ಮಾಡಿ ಮಾರುವ ಮೋಸ ಈ ವ್ಯಾಪಾರಕ್ಕೆ ಅಂಟಿಕೊಂಡೇ ಬಂದಿದೆ. ಕಾಗದ ನಿಜವಾಗಿದ್ದರೂ ಹಕ್ಕಿಯ ಸ್ವಭಾವ ಬದಲಾಗದು. ನಾಯಿ ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿ ಮನೆಯ ಪ್ರಾಣಿಯಾಯಿತು, ಆಕಳೂ ಹಾಗೆಯೇ. ಈ ಗಿಳಿಗೆ ಕಾಡನ್ನು ಬಿಟ್ಟು ಕೆಲವೇ ತಲೆಮಾರು. ಮನುಷ್ಯರಿಗೆ ಹೊಂದಿಕೊಳ್ಳಲೆಂದು ಮರಿಯನ್ನು ತಾಯಿಯಿಂದ ಅಗಲಿಸಿ ಪಿಚಕಾರಿಯಿಂದ ಗುಟುಕು ಕೊಟ್ಟು ಬೆಳೆಸುತ್ತಾರೆ. ಅದನ್ನೇ ‘ಪಳಗಿದ ಹಕ್ಕಿ’ ಎಂದು ಹೆಚ್ಚು ಬೆಲೆಗೆ ಮಾರುತ್ತಾರೆ.

ಕಾಯಿದೆಯ ವಿಷಯದಲ್ಲಿಯೂ ಅವನಿಗೆ ಅರ್ಧ ಮಾತ್ರ ತಿಳಿದಿತ್ತು. ಪರದೇಶದ ಹಕ್ಕಿಯನ್ನು ಕೇಳುವವರಿಲ್ಲವೆಂಬ ಕಾಲ ಮುಗಿದಿದೆ. ವನ್ಯಜೀವಿ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದ್ದು, ‘ಸೈಟ್ಸ್’ ಪಟ್ಟಿಯ ಜೀವಿಗಳು ಅದರ ನಾಲ್ಕನೆಯ ಅನುಸೂಚಿಯಲ್ಲಿ ಸೇರಿವೆ. ಅಂತಹ ಹಕ್ಕಿಯನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕು. ಹುಟ್ಟು, ಸಾವು, ಕೈಬದಲು ಎಲ್ಲವನ್ನೂ ತಿಳಿಸಬೇಕು. ಬೂದುಗಿಳಿಯ ಮರಿ ಮಾಡಿಸುವವರಿಗೆ ಪರವಾನಗಿ ಬೇಕು. ಈಗಾಗಲೇ ಮನೆಯಲ್ಲಿ ಸಾಕಿರುವವರು ಹೆದರಿ ಹಕ್ಕಿಯನ್ನು ಹೊರಗೆ ಹಾರಿಬಿಡುವುದು ಮಾತ್ರ ತಪ್ಪು. ನಮ್ಮ ಬಯಲಿನಲ್ಲಿ ಅದು ಉಳಿಯಲಾರದು. ನೋಂದಣಿ ಮಾಡಿಸಿ, ದಿನದ ಹೆಚ್ಚು ಹೊತ್ತು ಯಾರಾದರೂ ಬಳಿಯಲ್ಲಿದ್ದು ಕೊನೆಯವರೆಗೆ ಸಾಕುವುದು ಅವರ ಪಾಲಿಗೆ ಬಂದ ಕರ್ತವ್ಯ. ಹಾಗೆ ಸಾಕುತ್ತಿರುವವರೂ ಇದ್ದಾರೆ. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಕೊಳ್ಳಬೇಡವೆಂದು ನಾನು ಹೇಳಿದಾಗ ಅವನು ತುಸು ಹೊತ್ತು ಸುಮ್ಮನಿದ್ದು, “ಆ ಅಂಗಡಿಯ ಹಕ್ಕಿ ಎದೆಯ ಗರಿಯನ್ನೆಲ್ಲ ಕಿತ್ತುಕೊಂಡಿದೆ ಸರ್. ನಾವು ಬಿಟ್ಟು ಬಂದರೆ ಅದರ ಗತಿಯೇನು?” ಎಂದನು. ಪಾಠ ಹೇಳಿದವನಿಗೆ ಇಂತಹ ಪ್ರಶ್ನೆ ಕಠಿಣ. ನೀನು ಕರುಣೆಯಿಂದಲೇ ಕೊಂಡರೂ ಅಂಗಡಿಯವನಿಗೆ ಅದು ವ್ಯಾಪಾರ, ಆ ಪಂಜರಕ್ಕೆ ಮತ್ತೊಂದು ಬರುತ್ತದೆ ಎಂದೆ. ನೋಂದಣಿಯ ಕಾಗದ ತೋರಿಸೆಂದು ಕೇಳು, ತೋರಿಸದಿದ್ದರೆ ಅರಣ್ಯ ಇಲಾಖೆಗೆ ತಿಳಿಸು ಎಂದೂ ಹೇಳಿದೆ. ನನ್ನ ಉತ್ತರ ಅವನಿಗೆ ಸಮಾಧಾನ ತಂದಿತೆಂದು ಹೇಳಲಾರೆ. ನನಗೂ ಪೂರ್ತಿಯಾಗಿ ತಂದಿಲ್ಲ. ಮರುವಾರ ಕಾಗದ ಕೇಳಲೆಂದು ಅವನು ಹೋದಾಗ ಆ ಹಕ್ಕಿ ಅಲ್ಲಿರಲಿಲ್ಲವಂತೆ, ಯಾರೋ ಕೊಂಡೊಯ್ದಿದ್ದರು.