ಅಡುಗೆಕಟ್ಟೆಯ ಕಲ್ಲು: ಅಂದ, ಅನುಕೂಲ, ಆರೋಗ್ಯ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಅಡುಗೆಮನೆಯ ಕಟ್ಟೆಗೆ ಯಾವ ಕಲ್ಲು ಹಾಸಬೇಕೆಂಬುದನ್ನು ಹೇಳಿ ಹೋಗಲಿಲ್ಲ. ಅವರ ಕಾಲದಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಒಲೆ ನೆಲದ ಮೇಲಿತ್ತು, ಒರಳು ಮೂಲೆಯಲ್ಲಿತ್ತು, ತರಕಾರಿ ಹೆಚ್ಚುವವರು ಈಳಿಗೆಮಣೆಯ ಮೇಲೆ ಕುಳಿತು ಹೆಚ್ಚುತ್ತಿದ್ದರು. ಅನಿಲದ ಒಲೆ ಮನೆಮನೆಗೆ ಬಂದ ಮೇಲೆ ಅಡುಗೆ ನಿಂತು ಮಾಡುವ ಕೆಲಸವಾಯಿತು, ಕಟ್ಟೆ ಸೊಂಟದೆತ್ತರಕ್ಕೆ ಏರಿತು, ಕಟ್ಟೆಯ ಮೇಲಿನ ಕಲ್ಲು ಮನೆಯ ಅಂತಸ್ತಿನ ಗುರುತಾಯಿತು.

ಇಂದು ಅಡೆಯಾರು, ಅಣ್ಣಾನಗರ, ವೇಳಚೇರಿ ಅಥವಾ ಹಳೆಯ ಮಹಾಬಲಿಪುರ ರಸ್ತೆಯಲ್ಲಿ ಮನೆ ಕೊಳ್ಳುವ ಕನ್ನಡ ಕುಟುಂಬವು ಕಲ್ಲಿನ ಅಂಗಡಿಗೆ ಹೋದರೆ ಎದುರಿಗೆ ನೂರು ಬಣ್ಣದ ಹಲಗೆಗಳು ಸಾಲಾಗಿ ನಿಂತಿರುತ್ತವೆ. ಕೊಳ್ಳುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಬಣ್ಣ ಒಪ್ಪುತ್ತದೆಯೆ? ಚದರಡಿಗೆ ಬೆಲೆ ಎಷ್ಟು? ಇನ್ನೂ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಈ ಕಲ್ಲು ಮನೆಯ ಅಡುಗೆಗೆ ಹೊಂದುತ್ತದೆಯೆ? ಇದನ್ನು ಕೊಯ್ಯುವವನ ಗತಿ ಏನು? ಈ ಕೊನೆಯ ಪ್ರಶ್ನೆ ಅಲಂಕಾರಶಾಸ್ತ್ರದ ಹೊರಗಿನದೆಂದು ತೋರಬಹುದು. ಆದರೆ ಇದಕ್ಕೆ ಉತ್ತರ ದೊರೆಯದೆ ಮಾಡಿದ ಆಯ್ಕೆಯನ್ನು ಒಳ್ಳೆಯ ಆಯ್ಕೆ ಎನ್ನಲಾಗದು.

ಕಲ್ಲುಗಳ ಗುಣ

ಮದರಾಸು ಕಲ್ಲಿಗೆ ಹೊರಗಿನದಲ್ಲ. ಪಲ್ಲಾವರ ಮತ್ತು ಸಂತ ತೋಮಸರ ಬೆಟ್ಟದ ಕಪ್ಪುಬೂದು ಬಣ್ಣದ ಶಿಲೆ ಭೂವಿಜ್ಞಾನದಲ್ಲಿ ಪ್ರಸಿದ್ಧವಾದುದು. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕನ ಸಮಾಧಿಯ ಕಲ್ಲೂ ಇದೇ ಜಾತಿಯದಾದ್ದರಿಂದ 1893ರಲ್ಲಿ ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ ಇದಕ್ಕೆ ಚಾರ್ನೊಕೈಟ್ ಎಂದು ಹೆಸರಿಟ್ಟನು. ಆದರೂ ಈ ಊರಿನ ಮಧ್ಯಮವರ್ಗದ ಅಡುಗೆಮನೆಗಳಲ್ಲಿ ಬಹುಕಾಲ ಆಳಿದ್ದು ಆಂಧ್ರದಿಂದ ಬಂದ ಕಡಪ ಕಲ್ಲು. ಅದು ಕಪ್ಪು ಸುಣ್ಣಕಲ್ಲು; ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲಿನ ಬಂಧು. ಅಗ್ಗ, ಗಟ್ಟಿ, ಸರಳ. ಆದರೆ ಸುಣ್ಣದ ಅಂಶವಿರುವ ಕಲ್ಲಿಗೆ ಹುಳಿ ಆಗದು. ನಿಂಬೆರಸವೋ ಹುಣಿಸೆಯ ನೀರೋ ಬಿದ್ದು ಒಂದು ಗಳಿಗೆ ನಿಂತರೆ ಹೊಳಪು ಹೋಗಿ ಬೂದು ಕಲೆ ಉಳಿಯುತ್ತದೆ.

ಅಮೃತಶಿಲೆಯ ಕಥೆಯೂ ಇದೇ. ರಾಜಸ್ಥಾನದ ಮಕ್ರಾನದ ಬಿಳಿ ಶಿಲೆಯಾಗಲಿ, ಇಟಲಿಯ ಶಿಲೆಯಾಗಲಿ, ಅದರ ಮೂಲದ್ರವ್ಯ ಸುಣ್ಣವೇ. ಗಡಸುತನದ ಅಳತೆಯಲ್ಲಿ ಅದಕ್ಕೆ ಸುಮಾರು 3ನೆಯ ಸ್ಥಾನ. ಅಡುಗೆಮನೆಯ ಚಾಕುವಿಗಿಂತ ಮೆದು. ಹಳೆಯ ಉಡುಪಿ ಹೋಟೆಲುಗಳ ಅಮೃತಶಿಲೆಯ ಮೇಜನ್ನು ನೆನೆಯುವ ಹಿರಿಯರಿಗೆ ಅದರ ಮೇಲೆ ಲೋಟಗಳು ಬಿಟ್ಟ ಉಂಗುರಗಳೂ ನೆನಪಿರಬಹುದು. ಕುಳಿತು ತಿನ್ನುವ ಮೇಜಿಗೆ ಅದು ಸೊಗಸು. ದಿನವೂ ಸಾರು, ಗೊಜ್ಜು, ಚಿತ್ರಾನ್ನ ಆಗುವ ಕಟ್ಟೆಗೆ ಹೊಂದದು.

ಬಳಪದ ಕಲ್ಲು ಕನ್ನಡಿಗರಿಗೆ ಬೇಲೂರು ಹಳೇಬೀಡುಗಳಿಂದ ಪರಿಚಿತ. ಉಗುರಿನಿಂದ ಗೀರಬಹುದಾದಷ್ಟು ಮೆತ್ತಗಿರಬಲ್ಲ ಆ ಕಲ್ಲಿಗೆ ಹುಳಿಯೂ ಶಾಖವೂ ತಾಗವು. ಆದ್ದರಿಂದಲೇ ಹಳೆಯ ಮನೆಗಳಲ್ಲಿ ಗೊಜ್ಜು ಸಾರುಗಳನ್ನು ಕಲ್ಲಿನ ಮರಿಗೆಯಲ್ಲಿ ಇಡುತ್ತಿದ್ದರು. ಕಟ್ಟೆಗೆ ಹಾಸಿದರೆ ಗೀರುಗಳು ಬೀಳುತ್ತವೆ ಎಂಬುದೊಂದೇ ಅದರ ದೋಷ.

ಗ್ರಾನೈಟ್ ಅಗ್ನಿಶಿಲೆ. ಅದರಲ್ಲಿರುವ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಖನಿಜಗಳಿಂದಾಗಿ ಅದರ ಗಡಸುತನ 6ರಿಂದ 7. ಚಾಕುವಿಗೆ ಮಣಿಯದು, ಹುಳಿಗೆ ಹೆದರದು, ಒಲೆಯಿಂದ ಇಳಿಸಿದ ಕುಕ್ಕರನ್ನು ನೇರವಾಗಿ ಇಟ್ಟರೂ ಸಾಮಾನ್ಯವಾಗಿ ಸಹಿಸುತ್ತದೆ. ಇಳಕಲ್ಲಿನ ಕೆಂಪು, ಕನಕಪುರದ ಬಹುವರ್ಣ, ಚಾಮರಾಜನಗರದ ಕಪ್ಪು, ಇವೆಲ್ಲ ಕರ್ನಾಟಕದ ಕೊಡುಗೆ. ಕನ್ನಡ ಮಾತನಾಡುವ ಕುಟುಂಬಗಳು ಬಹುಕಾಲದಿಂದ ನೆಲೆಸಿರುವ ಹೊಸೂರು, ಕೃಷ್ಣಗಿರಿಗಳ ಸೀಮೆಯೂ ಗ್ರಾನೈಟಿಗೆ ಹೆಸರಾದುದು. ಚಿನ್ನದ ಚುಕ್ಕೆಗಳ ಕಪ್ಪು ಕಲ್ಲು ಆಂಧ್ರದ ಚೀಮಕುರ್ತಿಯದು. ಅಂಗಡಿಯವರು ಕಪ್ಪು ಗ್ರಾನೈಟ್ ಎನ್ನುವುದು ಶಾಸ್ತ್ರದ ಪ್ರಕಾರ ಗ್ರಾನೈಟೇ ಅಲ್ಲ, ಡಾಲರೈಟ್ ಅಥವಾ ಗ್ಯಾಬ್ರೊ ಜಾತಿಯ ಶಿಲೆ. ಅದರಲ್ಲಿ ಬೆಣಚಿನ ಅಂಶ ಅತ್ಯಲ್ಪ. ಈ ವಿವರ ಮುಂದೆ ಉಪಯೋಗಕ್ಕೆ ಬರುತ್ತದೆ. ತಿಳಿಬಣ್ಣದ ಗ್ರಾನೈಟುಗಳು ಎಣ್ಣೆ, ಅರಿಸಿನಗಳನ್ನು ಸ್ವಲ್ಪ ಹೀರುತ್ತವೆ. ಅವಕ್ಕೆ ಆಗಾಗ ರಕ್ಷಕದ್ರವ ಹಚ್ಚಬೇಕು. ಕೆಲವೊಮ್ಮೆ ಬೂದು ಕಲ್ಲಿಗೆ ಬಣ್ಣವೇರಿಸಿ ಕಪ್ಪೆಂದು ಮಾರುವುದುಂಟು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಕಪ್ಪಾದರೆ ಆ ಕಲ್ಲನ್ನು ಬಿಡುವುದು ಲೇಸು.

ಕೊನೆಯದು ಇಂದಿನ ಬೆಡಗಿನ ವಸ್ತು: ಅಂಗಡಿಗಳಲ್ಲಿ ಕ್ವಾರ್ಟ್ಸ್ ಎಂದು ಕರೆಯಲಾಗುವ ಕೃತಕ ಶಿಲೆ. ಅದು ಗಣಿಯಿಂದ ಹಲಗೆಯಾಗಿ ಬರುವುದಿಲ್ಲ. ಪುಡಿಮಾಡಿದ ಬೆಣಚುಕಲ್ಲನ್ನು ರಾಳದ ಅಂಟಿನೊಡನೆ ಕಲಸಿ, ಅದುಮಿ, ಕಾಯಿಸಿ ಮಾಡುತ್ತಾರೆ. ಸಾಮಾನ್ಯವಾಗಿ ನೂರಕ್ಕೆ ತೊಂಬತ್ತರಷ್ಟು ಬೆಣಚು. ಬಣ್ಣ ಒಂದೇ ಸಮ, ಕಲೆ ಹೀರದು, ರಕ್ಷಕದ್ರವ ಬೇಡ. ಬಿಸಿ ಪಾತ್ರೆಯೊಂದೇ ಅದರ ಶತ್ರು. ರಾಳ ಸುಟ್ಟು ಮಚ್ಚೆ ಬೀಳುತ್ತದೆ.

ಯಾವ ಮನೆಗೆ ಯಾವ ಕಲ್ಲು

ಒಳಾಂಗಣದ ಶೈಲಿ ಎಂಬುದು ಪುಸ್ತಕ ನೋಡಿ ತರುವ ಸರಕಲ್ಲ; ಮನೆಯ ಬೆಳಕು, ನೆಲ, ಮರ, ಮನೆಯವರ ನಡೆ ಇವುಗಳಿಂದ ಹುಟ್ಟುವಂಥದು. ಮೈಲಾಪುರ ತಿರುವಲ್ಲಿಕ್ಕೇಣಿಗಳ ಹಳೆಯ ಮನೆಗಳಲ್ಲಿ ಕೆಂಪು ಕಾವಿಯ ನೆಲ, ತೇಗದ ಬಾಗಿಲು, ಎತ್ತರದ ಮಾಳಿಗೆ ಇದ್ದರೆ ಕಡಪ ಕಲ್ಲು ಅಥವಾ ಹೊಳಪು ಕೊಡದ ಕಪ್ಪು ಶಿಲೆ ಒಪ್ಪುತ್ತದೆ. ಕನ್ನಡಿಯಂಥ ಹೊಳಪು ಅಲ್ಲಿ ಪರಕೀಯವಾಗಿ ಕಾಣುತ್ತದೆ. ಚೆಟ್ಟಿನಾಡಿನ ಮಾದರಿಯಲ್ಲಿ ಆತ್ತಂಗುಡಿಯ ಬಣ್ಣದ ಹೆಂಚುಗಳನ್ನು ನೆಲಕ್ಕೆ ಹಾಸಿದವರು ಕಟ್ಟೆಗೆ ಒಂದೇ ಬಣ್ಣದ ಕಲ್ಲನ್ನು ಆರಿಸುವುದು ಸರಿ. ಎರಡು ಚಿತ್ತಾರಗಳು ಒಂದೇ ಕೋಣೆಯಲ್ಲಿ ಜಗಳವಾಡುತ್ತವೆ. ಮಲೆನಾಡಿನ ತೊಟ್ಟಿಮನೆಯ ನೆನಪಿಗೆ ಮರದ ಕಪಾಟುಗಳನ್ನು ಮಾಡಿಸಿದವರಿಗೆ ಇಳಕಲ್ಲಿನ ಕೆಂಪು ಅಥವಾ ಕಂದುಬಣ್ಣದ ಗ್ರಾನೈಟ್ ಹಿತ.

ಬಹುಮಹಡಿ ಕಟ್ಟಡಗಳ ಚಿಕ್ಕ ಅಡುಗೆಮನೆಗಳ ಸಮಸ್ಯೆ ಬೇರೆ. ಅಲ್ಲಿ ಬೆಳಕು ಕಡಿಮೆ. ಕಪ್ಪು ಕಲ್ಲು ಕೋಣೆಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಬಿಳಿಯ ಮಾಡ್ಯುಲರ್ ಕಪಾಟುಗಳಿಗೆ ಬಿಳಿ ಕಟ್ಟೆಯೇ ಬೇಕೆಂಬ ಆಸೆ ಹುಟ್ಟುವುದೂ, ಕೃತಕ ಕ್ವಾರ್ಟ್ಸ್ ಮನೆಯೊಳಗೆ ಬರುವುದೂ ಇಲ್ಲಿಂದಲೇ. ತಿಳಿಬೂದು ಅಥವಾ ಹಾಲುಬಣ್ಣದ ಗ್ರಾನೈಟ್, ಗೋಡೆಗೆ ತಿಳಿಬಣ್ಣದ ಹೆಂಚು, ಕಪಾಟಿನ ಕೆಳಗೊಂದು ದೀಪ: ಈ ಮೂರು ಸೇರಿದರೆ ಆ ಆಸೆಯ ಬಹುಪಾಲು ಈಡೇರುತ್ತದೆ.

ಎತ್ತರದ ವಿಷಯವನ್ನೂ ಮರೆಯಬಾರದು. ಅಡುಗೆ ಮಾಡುವವರ ಮೊಣಕೈಗಿಂತ ಸುಮಾರು ನಾಲ್ಕು ಅಂಗುಲ ಕೆಳಗೆ ಕಟ್ಟೆ ಇದ್ದರೆ ಬೆನ್ನು ಬಾಗದು, ಭುಜ ಎತ್ತಬೇಕಾಗದು. ಕಲ್ಲಿನ ಬಣ್ಣಕ್ಕೆ ತಿಂಗಳುಗಟ್ಟಲೆ ಚರ್ಚೆ ಮಾಡುವ ಮನೆಗಳಲ್ಲಿ ಈ ಅಳತೆಯನ್ನು ಮೇಸ್ತ್ರಿಯ ಇಷ್ಟಕ್ಕೆ ಬಿಟ್ಟುಬಿಡುವುದು ವಿಚಿತ್ರ.

ಧೂಳಿನ ಪ್ರಶ್ನೆ

ಹಾಸಿದ ಕಲ್ಲು ಮನೆಯವರಿಗೆ ಅಪಾಯಕಾರಿಯಲ್ಲ. ಗ್ರಾನೈಟಿನಿಂದ ವಿಕಿರಣದ ಭಯವಿದೆ ಎಂಬ ಮಾತು ಆಗಾಗ ಕೇಳಿಬರುತ್ತದೆ; ಗಾಳಿಯಾಡುವ ಮನೆಯಲ್ಲಿ ಕಟ್ಟೆಯ ಕಲ್ಲಿನಿಂದ ಬರುವ ರೇಡಾನ್ ಅನಿಲ ಸಾಮಾನ್ಯವಾಗಿ ನಗಣ್ಯ. ಅಪಾಯವಿರುವುದು ಕೊಯ್ಯುವಾಗ. ಯಂತ್ರದ ಗರಗಸ ಒಣ ಕಲ್ಲಿನ ಮೇಲೆ ಓಡಿದಾಗ ಏಳುವ ಬಿಳಿ ಮೋಡದಲ್ಲಿ ಕಣ್ಣಿಗೆ ಕಾಣದ ಬೆಣಚಿನ ಕಣಗಳಿರುತ್ತವೆ. ಅವು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ದೇಹ ಅವನ್ನು ಕರಗಿಸಲಾರದೆ ಸುತ್ತಲೂ ಗಾಯದ ನಾರನ್ನು ಕಟ್ಟುತ್ತದೆ. ಮೃದುವಾದ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುತ್ತದೆ. ಇದೇ ಸಿಲಿಕೋಸಿಸ್. ಮೊದಲು ಒಣಕೆಮ್ಮು, ಅನಂತರ ಮೆಟ್ಟಿಲು ಹತ್ತುವಾಗ ಏದುಸಿರು, ಕೊನೆಗೆ ಕುಳಿತಲ್ಲೇ ಏದುಸಿರು. ಗುಣಪಡಿಸುವ ಔಷಧಿಯಿಲ್ಲ. ಈ ರೋಗಿಗಳಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಬೆಣಚಿನ ಧೂಳು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ವರ್ಗೀಕರಿಸಿತು.

ಕನ್ನಡ ನಾಡಿಗೆ ಈ ರೋಗ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಬೆಣಚಿನ ಬಂಡೆಯನ್ನು ಕೊರೆದವರಲ್ಲಿ ಈ ರೋಗ ಹರಡಿದ್ದುದು 1940ರ ದಶಕದ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. 2001ರ ಫೆಬ್ರವರಿಯಲ್ಲಿ ಮುಚ್ಚಿದ ಆ ಗಣಿಗಳಲ್ಲಿ ದುಡಿದವರಲ್ಲಿ ಬಹುಮಂದಿ ಉತ್ತರ ಆರ್ಕಾಟಿನಂಥ ತಮಿಳು ಸೀಮೆಗಳಿಂದ ಹೊಟ್ಟೆಪಾಡಿಗೆ ಬಂದವರು. ತಮಿಳರು ಕನ್ನಡ ನಾಡಿಗೆ ಹೋಗಿ ಕಲ್ಲಿನ ಧೂಳು ಕುಡಿದರು. ಇಂದು ಕನ್ನಡಿಗರು ತಮಿಳು ನಾಡಿನ ರಾಜಧಾನಿಯಲ್ಲಿ ಕುಳಿತು ಕಲ್ಲು ಕೊಳ್ಳುತ್ತಿದ್ದಾರೆ. ವಲಸೆಯ ಕಷ್ಟವನ್ನು ಬಲ್ಲ ಜನರಿಗೆ ಈ ಸಂಬಂಧ ಅರ್ಥವಾಗದೆ ಇರದು.

ಕೃತಕ ಶಿಲೆ ಈ ಹಳೆಯ ರೋಗಕ್ಕೆ ಹೊಸ ವೇಗ ಕೊಟ್ಟಿದೆ. ಶ್ವಾಸಕೋಶದ ಕಸಿಗಾಗಿ ಬಂದ 25 ಮಂದಿ ಕೃತಕ ಶಿಲೆಯ ಕೆಲಸಗಾರರ ವಿವರವನ್ನು ಇಸ್ರೇಲಿನ ವೈದ್ಯರು 2012ರಲ್ಲಿ ಪ್ರಕಟಿಸಿದರು. ಅನಂತರ ಸ್ಪೇನ್, ಆಸ್ಟ್ರೇಲಿಯಾ, ಅಮೆರಿಕಗಳಿಂದಲೂ ಇಂಥ ವರದಿಗಳು ಬಂದವು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಕೃತಕ ಶಿಲೆಯ ತಯಾರಿಕೆ, ಮಾರಾಟ, ಅಳವಡಿಕೆಗಳನ್ನೇ ನಿಷೇಧಿಸಿತು. ಜಗತ್ತಿನಲ್ಲಿ ಅದೇ ಮೊದಲ ನಿಷೇಧ. 2025ರ ಜನವರಿ 1ರಿಂದ ಆಮದನ್ನೂ ತಡೆಯಿತು.

ನಿಷೇಧವೇ ಬೇಕೆ, ಎಚ್ಚರಿಕೆ ಸಾಲದೆ ಎಂದು ಕೇಳುವವರಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಗ್ರಾನೈಟಿನಲ್ಲಿಯೂ ನಾಲ್ಕನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ, ಬೆಣಚು ಇರುತ್ತದೆ. ಒಣಗೊಯ್ತ ಅಲ್ಲಿಯೂ ವಿಷವೇ. ಕೃತಕ ಶಿಲೆಯ ಉದ್ಯಮ ಭಾರತದಲ್ಲಿ ಅನೇಕರಿಗೆ ಅನ್ನ ಕೊಟ್ಟಿದೆ. ಬೆಣಚು ಕಡಿಮೆಯಿರುವ ಹಲಗೆಗಳೂ ಬರತೊಡಗಿವೆ. ನೀರು ಹಾಯಿಸುವ ಯಂತ್ರ, ಧೂಳು ಸೆಳೆಯುವ ಯಂತ್ರ, ಸರಿಯಾದ ಉಸಿರುಕವಚ ಇದ್ದಲ್ಲಿ ಅಪಾಯ ಬಹಳ ಕಡಿಮೆಯಾಗುವುದೂ ನಿಜ. ಆದರೆ ಕಾರ್ಖಾನೆಯಲ್ಲಿ ಸಾಧ್ಯವಾಗುವ ಈ ಎಚ್ಚರಿಕೆ ಕಟ್ಟಡದ ಮೆಟ್ಟಿಲ ಬುಡದಲ್ಲಿ ಸಾಧ್ಯವಾಗುತ್ತಿಲ್ಲ. ಒಲೆಗೆ, ತೊಟ್ಟಿಗೆ ಕಂಡಿ ಕೊಯ್ಯುವ ಹುಡುಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕುಳಿತಿರುತ್ತಾನೆ. ಕರವಸ್ತ್ರ ಈ ಕಣಗಳನ್ನು ತಡೆಯಲಾರದು. 1948ರ ಕಾರ್ಖಾನೆ ಕಾಯಿದೆಯೇ ಸಿಲಿಕೋಸಿಸನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದರೆ ಇಂದು ಒಂದು ಬೀದಿ, ನಾಳೆ ಇನ್ನೊಂದು ಬೀದಿ ಎಂದು ದುಡಿಯುವವನ ಕೆಮ್ಮು ಯಾವ ಪಟ್ಟಿಗೆ ಸೇರೀತು? ಹೀಗಿರುವಾಗ, ತಪ್ಪಿದರೆ ಅತಿ ಹೆಚ್ಚು ಹಾನಿಮಾಡುವ ವಸ್ತುವನ್ನು ಬಿಡುವುದೇ ವಿವೇಕ.

ಗೃಹಸ್ಥರು ಮಾಡಬಹುದಾದದ್ದು

ಆದ್ದರಿಂದ ಚೆನ್ನೈಯ ಕನ್ನಡ ಕುಟುಂಬಗಳಿಗೆ ಸಲಹೆ ಇಷ್ಟೇ. ದಿನದ ಅಡುಗೆಯ ಕಟ್ಟೆಗೆ ಗ್ರಾನೈಟನ್ನೋ, ಇನ್ನೂ ಮೇಲಾಗಿ ಬೆಣಚು ಅತ್ಯಲ್ಪವಿರುವ ಕಪ್ಪು ಶಿಲೆಯನ್ನೋ ಆರಿಸಬೇಕು. ಕೃತಕ ಕ್ವಾರ್ಟ್ಸನ್ನು ಬಿಡಬೇಕು. ಅಳತೆಯನ್ನು ಮೊದಲೇ ನಿಖರವಾಗಿ ಕೊಟ್ಟು, ಒಲೆಯ ಮತ್ತು ತೊಟ್ಟಿಯ ಕಂಡಿಗಳನ್ನು ಅಂಗಡಿಯಲ್ಲಿಯೇ ನೀರು ಹಾಯಿಸಿ ಕೊಯ್ದು ತರಬೇಕೆಂದು ಕರಾರು ಮಾಡಬೇಕು. ಮನೆಯಲ್ಲಿ ಕೊಯ್ಯುವುದು ಅನಿವಾರ್ಯವಾದರೆ ನೀರಿನ ವ್ಯವಸ್ಥೆಯನ್ನೂ ಕೊಯ್ಯುವವನಿಗೆ ಒಳ್ಳೆಯ ಉಸಿರುಕವಚವನ್ನೂ ಮನೆಯೊಡೆಯನೇ ಒದಗಿಸಬೇಕು. ಬಿದ್ದ ಧೂಳನ್ನು ಪೊರಕೆಯಿಂದ ಎಬ್ಬಿಸದೆ ಒದ್ದೆ ಬಟ್ಟೆಯಿಂದ ತೆಗೆಸಬೇಕು. ಇದಕ್ಕೆ ತಗಲುವ ವೆಚ್ಚ ಕಲ್ಲಿನ ಬೆಲೆಯಲ್ಲಿ ಅತ್ಯಲ್ಪ ಪಾಲು. ಮನೆಯೊಂದರ ಮಾತಿಗೆ ಅಂಗಡಿಯವನು ಕಿವಿಗೊಡದಿದ್ದರೂ ಕಟ್ಟಡದ ನಿವಾಸಿಗಳ ಸಂಘ ಒಣಗೊಯ್ತಕ್ಕೆ ಅವಕಾಶವಿಲ್ಲವೆಂದು ನಿಯಮ ಮಾಡಿದರೆ ಕೇಳಲೇಬೇಕಾಗುತ್ತದೆ.

ಗೃಹಪ್ರವೇಶದ ದಿನ ಹೊಸ ಕಟ್ಟೆಯ ಮೇಲೆ ಮೊದಲು ಹಾಲುಕ್ಕಿಸುವುದು ಕನ್ನಡಿಗರಲ್ಲಿಯೂ ತಮಿಳರಲ್ಲಿಯೂ ಇರುವ ಸಂಪ್ರದಾಯ. ಉಕ್ಕಿದ ಹಾಲು ಕಲ್ಲಿನ ಮೇಲೆ ಹರಿದು ಮನೆಗೆ ಸಮೃದ್ಧಿಯನ್ನು ತರುತ್ತದೆಂಬುದು ನಂಬಿಕೆ. ಆ ಕಲ್ಲನ್ನು ಕೊಯ್ದವನೂ ಅಂದು ತನ್ನ ಮನೆಯಲ್ಲಿ ನಿರಾಯಾಸವಾಗಿ ಉಸಿರಾಡುತ್ತಿದ್ದರೆ ಆ ಸಮೃದ್ಧಿಗೆ ಅರ್ಥ ಬಂದೀತು.