ಶಾಲಾಮಕ್ಕಳಿಗೆ ಹತಾರದ ವಿದ್ಯೆ

ಹೊಲವು ಹದಕ್ಕೆ ಬಂದ ದಿನವೇ ಎತ್ತಿನ ಕೂರಿಗೆಯ ಹಲ್ಲು ಸಡಿಲಿದರೆ ಒಕ್ಕಲಿಗನು ಬಡಿಗನ ಬಾಗಿಲಲ್ಲಿ ಕಾಯಬೇಕಾಗುವುದು. ನೆಲದ ತೇವವಾದರೋ ಯಾರಿಗಾಗಿಯೂ ಕಾಯದು. ಹೇಮಗುಡ್ಡದ ಸುತ್ತಿನ ಮಳೆಯಾಶ್ರಿತ ಹೊಲಗಳಿಗೆ ಈ ನಷ್ಟವು ಅಲ್ಪವಲ್ಲ. ಆದುದರಿಂದ ಬಾಚಿ, ಉಳಿ, ಗರಗಸಗಳ ಬಳಕೆಯನ್ನು ಶಾಲೆಯಲ್ಲಿಯೇ ಕಲಿಸತಕ್ಕದ್ದೆಂದು ನಮ್ಮ ಅಭಿಪ್ರಾಯವು.

ಇದರಿಂದ ಓದು ಕುಂದುವುದೆಂದು ಕೆಲವರು ಶಂಕಿಸುವರು. ಕೂರಿಗೆಯ ಹಲ್ಲುಗಳು ಸಮನಾಗಿರದಿದ್ದರೆ ಬೀಜವು ಒಂದು ಸಾಲಿನಲ್ಲಿ ಆಳಕ್ಕೂ ಮತ್ತೊಂದರಲ್ಲಿ ಮೇಲಕ್ಕೂ ಬಿದ್ದು ಮೊಳಕೆಯು ಏರುಪೇರಾಗುವುದು. ಅದನ್ನು ಅಳೆದು ಸರಿಪಡಿಸುವ ಮಗುವು ಗಣಿತವನ್ನೇ ಕಲಿಯುವುದಲ್ಲವೇ? 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣದ ತತ್ತ್ವವೂ ಇದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಊರ ಬಡಿಗ, ಕುಂಬಾರ, ತೋಟಗಾರರ ಬಳಿ ಕಲಿಯಲೆಂದು ಸೂಚಿಸಿತು. ನಮ್ಮ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗಳ ಕಲೆಯೂ ತಲೆಮಾರುಗಳಿಂದ ಹಿರಿಯರ ಪಕ್ಕದಲ್ಲಿ ಕುಳಿತು ಕಲಿತದ್ದೇ ಆಗಿದೆ.

ನಿಜವಾದ ಅಡ್ಡಿಯು ಬೇರೆ. ಹತಾರ ಹಿಡಿಯುವುದು ಜಮೀನುದಾರರ ಮಕ್ಕಳಿಗೆ ತಕ್ಕದ್ದಲ್ಲವೆಂಬ ಭಾವನೆಯು ಇನ್ನೂ ಅಳಿದಿಲ್ಲ. ಗ್ರಾಮದ ಹಿರಿಯರು ಒಂದು ಚಪ್ಪರ, ಹಳೆಯ ಮರ, ಹರಿತವಾದ ಹತಾರಗಳನ್ನು ಒದಗಿಸಿ, ಊರ ಬಡಿಗನಿಗೆ ತಕ್ಕ ಸಂಭಾವನೆಯಿತ್ತು ಗುರುವೆಂದು ಬರಮಾಡಿಕೊಳ್ಳಲಿ. ತಮ್ಮ ಗಂಡುಹೆಣ್ಣು ಮಕ್ಕಳನ್ನೇ ಮೊದಲು ಕಳುಹಿಸಲಿ; ಉಳಿದವರು ತಾವಾಗಿಯೇ ಹಿಂಬಾಲಿಸುವರು.